ಅಂಕಿತ ಬಿಟ್ಟುಹೋದ ಹಾಡುಗಳು

(ಶಾಸ್ತ್ರೀಯ ಸಂಗೀತದಿಂದ ಸಿನಿಮಾ ಸಂಗೀತ ಪಡೆದದ್ದರ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಹಾಡಿ ತೋರಿಸಿದ ಕಡೆ ಸ್ವರ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ವಿಷಯ ಎತ್ತಿದರೆ ಸಾಮಾನ್ಯವಾಗಿ ಎರಡು ಪಾರ್ಟಿ ಆಗುತ್ತವೆ. ಒಂದು ಪಾರ್ಟಿ ‘ಎಲ್ಲಾ ಕದ್ದ ಮಾಲು ರೀ’ ಅನ್ನುತ್ತದೆ. ಇನ್ನೊಂದು ‘ಇರೋದೇ ಏಳು ಸ್ವರ, ಹೊಸದು ಎಲ್ಲಿಂದ ತರಬೇಕು?’ ಅನ್ನುತ್ತದೆ. ಎರಡೂ ಸೋಮಾರಿ ಮಾತು. ಎರಡಕ್ಕೂ ಹಾಡು ಕೇಳುವ ಗೋಜೇ ಬೇಕಿಲ್ಲ. ಅದಕ್ಕೇ ನಾವು ಮೊದಲು ಹಾಡು ಕೇಳಿಬಿಡೋಣ, ಜಗಳ ಆಮೇಲೆ.

(ಇಲ್ಲಿ ಎರಡು ತುಣುಕು ಕೇಳಿಸಿದೆ. ಮೊದಲನೆಯದು ಮೊಜಾರ್ಟ್‌ನ 40ನೇ ಸಿಂಫನಿಯ ಆರಂಭ. ಎರಡನೆಯದು 1961ರ ಹಿಂದಿ ಚಿತ್ರ ‘ಛಾಯಾ’ದ ‘ಇತ್ನಾ ನ ಮುಝ್‌ಸೇ ತೂ ಪ್ಯಾರ್ ಬಢಾ’.)

ಕೆಲವರು ಆಗಲೇ ನಗುತ್ತಿದ್ದೀರಿ. ಗುರುತು ಸಿಕ್ಕಿತು ಅಂತಾಯಿತು. ಮೊಜಾರ್ಟ್ ಇದನ್ನು ಬರೆದದ್ದು 1788ರ ಬೇಸಿಗೆಯಲ್ಲಿ, ವಿಯೆನ್ನಾದಲ್ಲಿ. ಸಂಗೀತ ನಿರ್ದೇಶಕ ಸಲಿಲ್ ಚೌಧರಿ ಇದನ್ನು ಬಳಸಿದ್ದು 173 ವರ್ಷ ಆದ ಮೇಲೆ, ಬೊಂಬಾಯಿಯಲ್ಲಿ.

ಈಗ ಇದನ್ನು ನಮ್ಮ ಸ್ವರದಲ್ಲಿ ಹೇಳಿ ನೋಡೋಣ. ಸಿಂಫನಿ ಇರುವುದು ಜಿ ಮೈನರ್‌ನಲ್ಲಿ. ಜಿ ಅನ್ನು ಷಡ್ಜ ಅಂದುಕೊಳ್ಳಿ. ಆಗ ಆ ಪ್ರಸಿದ್ಧ ಸಾಲು ಹೀಗೆ ಬರುತ್ತದೆ: ದಪಪ, ದಪಪ, ದಪಪಗಾ. ಕೊನೆಯ ಗಾಂಧಾರ ಮೇಲಿನ ಸ್ಥಾಯಿಯದು. ಪಂಚಮದಿಂದ ಒಂದೇ ನೆಗೆತ. ಅಲ್ಲಿಂದ ಇಳಿಯುವುದು ಮೆಟ್ಟಿಲು ಮೆಟ್ಟಿಲಾಗಿ: ಗರಿಸ, ಸನಿದ, ದಪಮ, ಮ. ಚಿಕ್ಕಂದಿನಲ್ಲಿ ಅಲಂಕಾರ ಹೇಳಿದವರಿಗೆ ಇದು ಪರಿಚಿತ ಅನಿಸಬೇಕು. ಶುದ್ಧ ಧೈವತ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಕರ್ನಾಟಕ ಪದ್ಧತಿಯಲ್ಲಿ ಇದು ನಟಭೈರವಿ ಮೇಳದ ಸ್ವರಗಳು, ಹಿಂದೂಸ್ತಾನಿಯಲ್ಲಿ ಅಸಾವರಿ ಥಾಟ್. ಅಂದರೆ ನಮ್ಮ ಕಿವಿಗೆ ಇದು ಪರದೇಶಿ ಅಲ್ಲವೇ ಅಲ್ಲ. ಸ್ವರವನ್ನು ತೂಗಿಸುವ ಗಮಕ ಇಲ್ಲ, ಅಷ್ಟೇ.

ಸಲಿಲ್ ಅದನ್ನು ಏನು ಮಾಡಿದರು? ಮುಖಡಾ, ಅಂದರೆ ಪಲ್ಲವಿಯ ಮಟ್ಟಿಗೆ ಟ್ಯೂನ್ ಪೂರ್ತಿ ಮೊಜಾರ್ಟ್‌ನದ್ದೇ. ಮುಚ್ಚಿಡುವ ಪ್ರಯತ್ನವೂ ಇಲ್ಲ. ಆದರೆ ಸಿಂಫನಿಯಲ್ಲಿ ಆ ಸಾಲು ಬರುವ ಮೊದಲೇ ಕೆಳಗೆ ವಯೋಲಾಗಳು ಗಡಿಬಿಡಿಯಲ್ಲಿ ಓಡಲು ಶುರು ಮಾಡಿರುತ್ತವೆ. ಆ ಓಟದ ಮೇಲೆ ದಪಪ ಬಂದು ಕೂರುತ್ತದೆ. ಅದಕ್ಕೇ ಅಲ್ಲಿ ಏನೋ ಒಂದು ತಳಮಳ. ತಲತ್ ಮೆಹಮೂದ್ ಮತ್ತು ಲತಾ ಹಾಡುವಾಗ ಆ ತಳಮಳ ಮಾಯ. ಸಲುಗೆ ಬಂದಿದೆ. ಮೂರು ಮೂರು ಸ್ವರದ ಗುಂಪಿನ ಮೇಲೆ ರಾಜೇಂದ್ರ ಕೃಷ್ಣ್ ಅವರ ಮಾತು ಎಷ್ಟು ಸಲೀಸಾಗಿ ಕೂತಿದೆ ನೋಡಿ: ಇತ್ನಾ ನ, ಮುಝ್‌ಸೇ ತೂ, ಪ್ಯಾರ್ ಬಢಾ. ಅಂತರಾಕ್ಕೆ, ಅಂದರೆ ಚರಣಕ್ಕೆ ಬರುವ ಹೊತ್ತಿಗೆ ಮೊಜಾರ್ಟ್ ಇಲ್ಲ. ಅಲ್ಲಿಂದ ಸಲಿಲ್ ಒಬ್ಬರೇ ನಡೆಯುತ್ತಾರೆ, ತಿರುಗಿ ಮುಖಡಾಕ್ಕೆ ಬಂದು ಸೇರುವಾಗ ಹೊಲಿಗೆ ಕಾಣುವುದಿಲ್ಲ.

ಸಲಿಲ್‌ಗೆ ಈ ಸಂಗೀತ ಎಲ್ಲಿಂದ ಬಂತು? ಅವರ ತಂದೆ ಅಸ್ಸಾಂನ ಚಹಾ ತೋಟದಲ್ಲಿ ಡಾಕ್ಟರ್. ಮನೆಯಲ್ಲಿ ಗ್ರಾಮಾಫೋನ್ ಇತ್ತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ತಟ್ಟೆಗಳಿದ್ದವು. ಒಂದು ಕಿವಿಗೆ ಸಿಂಫನಿ, ಇನ್ನೊಂದು ಕಿವಿಗೆ ತೋಟದ ಕೂಲಿಗಳ ಹಾಡು. ಹೀಗೆ ಬೆಳೆದವರಿಗೆ ಮೊಜಾರ್ಟ್ ಹೊರಗಿನವನಲ್ಲ. ಬೇಕಾದಾಗ ಕೈಗೆ ಸಿಗುವವನು.

ಈ ಹಾಡಿನಿಂದ ನಾನು ಒಂದು ಅಭ್ಯಾಸ ಕಲಿತೆ. ಯಾವುದೇ ಹಾಡನ್ನು ‘ಇದು ಅಲ್ಲಿಂದ ಎತ್ತಿದ್ದು’ ಅಂತ ಯಾರಾದರೂ ಹೇಳಿದರೆ, ಎತ್ತಿದ ಸಾಲು ಮುಗಿದ ಮೇಲೆ ಏನಾಗುತ್ತದೆ ಅಂತ ಕೇಳುತ್ತೇನೆ. ಮುಂದಿನ ಸಾಲು ಯಾರದ್ದು? ಕೆಲವರಿಗೆ ಮುಂದಿನ ಸಾಲೇ ಇರುವುದಿಲ್ಲ. ತಂದದ್ದನ್ನೇ ಮೂರು ಸಲ ಹಾಡಿಸಿ, ನಡುವೆ ಒಂದಿಷ್ಟು ಪಿಟೀಲು ತುಂಬಿಸಿ ಮುಗಿಸುತ್ತಾರೆ. ಅಂಥವರ ಬಗ್ಗೆ ಜಾಸ್ತಿ ಮಾತಾಡಿ ಪ್ರಯೋಜನ ಇಲ್ಲ.

ಇನ್ನು ರಾಗದ ವಿಷಯ. ಇಲ್ಲಿ ತುಂಬಾ ಗೊಂದಲ ಇದೆ. ‘ಈ ಸಿನಿಮಾ ಹಾಡು ಕಲ್ಯಾಣಿ ರಾಗದಿಂದ ಕದ್ದದ್ದು’ ಅನ್ನುವ ಮಾತು ಕೇಳಿದ್ದೇನೆ. ರಾಗದಿಂದ ಕದಿಯಲು ಬರುವುದಿಲ್ಲ. ರಾಗ ಅಂದರೆ ಊರ ಗೋಮಾಳ. ಯಾರ ದನ ಬೇಕಾದರೂ ಅಲ್ಲಿ ಮೇಯಬಹುದು, ಯಾರೂ ಕಂದಾಯ ಕೇಳುವಂತಿಲ್ಲ. ಆದರೆ ಅದೇ ರಾಗದಲ್ಲಿ ಒಬ್ಬರು ಕೂತು ಕಟ್ಟಿದ ಕೃತಿ ಅಥವಾ ಬಂದಿಶ್ ಗೋಮಾಳವಲ್ಲ, ಅದು ಒಬ್ಬರು ಬೇಲಿ ಹಾಕಿ ಬೆಳೆಸಿದ ತೋಟ.

‘ಜೀವನ ಚೈತ್ರ’ದ ‘ನಾದಮಯ’ ತೆಗೆದುಕೊಳ್ಳಿ. 1992ರ ಚಿತ್ರ. ಉಪೇಂದ್ರ ಕುಮಾರ್ ಸಂಗೀತ, ಚಿ. ಉದಯಶಂಕರ್ ಸಾಹಿತ್ಯ. ಡಾ. ರಾಜ್‌ಕುಮಾರ್ ಅವರಿಗೆ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಹಾಡು. ಹಿಂದೂಸ್ತಾನಿ ತೋಡಿಯ ನೆರಳು ಹಾಡಿನ ತುಂಬಾ ಇದೆ. ಆದರೆ ಯಾವ ಬಂದಿಶ್ ಅನ್ನೂ ತಂದು ಅದಕ್ಕೆ ಕನ್ನಡ ಮಾತು ತೊಡಿಸಿದ್ದಲ್ಲ. ತೋಡಿಯ ಆ ಕೋಮಲ ರಿಷಭ, ಗಾಂಧಾರಗಳನ್ನು ಇಟ್ಟುಕೊಂಡು, ಸನ್ನಿವೇಶಕ್ಕೆ ಬೇಕಾದ ಏರಿಳಿತ ಕಟ್ಟಿದ್ದು. ಇದು ಗೋಮಾಳದ ಬಳಕೆ. ಸ್ವಂತ ಕೆಲಸ.

ಅದಕ್ಕೆ ಪೂರ್ತಿ ಎದುರು ತುದಿಯಲ್ಲಿ ‘ಹಂಸಗೀತೆ’ಯಂಥ ಚಿತ್ರ ಇದೆ. ಜಿ.ವಿ. ಅಯ್ಯರ್, 1975. ತ.ರಾ.ಸು. ಕಾದಂಬರಿ. ಕಥೆಯೇ ಒಬ್ಬ ಸಂಗೀತಗಾರನದ್ದು. ಅಲ್ಲಿ ಕೃತಿ ಕೃತಿಯಾಗಿಯೇ ಬರುತ್ತದೆ, ಬಾಲಮುರಳಿಕೃಷ್ಣ ಹಾಡುತ್ತಾರೆ, ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅಲ್ಲಿ ಎರವಲಿನ ಪ್ರಶ್ನೆಯೇ ಏಳುವುದಿಲ್ಲ. ತಕರಾರೆಲ್ಲ ಇರುವುದು ಈ ಎರಡರ ನಡುವಿನ ಜಾಗದಲ್ಲಿ.

ಆ ನಡುವಿನ ಜಾಗಕ್ಕೆ ನನ್ನ ಇಷ್ಟದ ಉದಾಹರಣೆ ತಮಿಳಿನದ್ದು. 1985ರ ‘ಸಿಂಧು ಭೈರವಿ’. ಕೆ. ಬಾಲಚಂದರ್ ನಿರ್ದೇಶನ, ಇಳಯರಾಜ ಸಂಗೀತ. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿ ಪಳಗಿದವರು ಅನ್ನುವುದು ನಿಮಗೆ ಗೊತ್ತೇ ಇದೆ. ಚಿತ್ರದಲ್ಲಿ ಒಬ್ಬ ದೊಡ್ಡ ಕರ್ನಾಟಕ ಸಂಗೀತ ವಿದ್ವಾಂಸ. ಅವನ ಕಚೇರಿಯಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು, ಕೇಳುವವರಿಗೆ ತಿಳಿಯುವ ಭಾಷೆಯಲ್ಲಿ ಯಾಕೆ ಹಾಡಬಾರದು ಅಂತ ಕೇಳುತ್ತಾಳೆ. ಆಮೇಲೆ ತಾನೇ ಒಂದು ಜಾನಪದ ಧಾಟಿ ಎತ್ತಿಕೊಂಡು, ಹಾಡುತ್ತಾ ಹಾಡುತ್ತಾ ತ್ಯಾಗರಾಜರ ‘ಮರಿ ಮರಿ ನಿನ್ನೇ’ಗೆ ಬಂದು ಸೇರಿಬಿಡುತ್ತಾಳೆ. ಚಿತ್ರಾ ಹಾಡಿದ್ದು. ಅವರಿಗೂ ರಾಷ್ಟ್ರಪ್ರಶಸ್ತಿ, ಇಳಯರಾಜರಿಗೂ ರಾಷ್ಟ್ರಪ್ರಶಸ್ತಿ.

ವಿಷಯ ಏನು ಅಂದರೆ, ‘ಮರಿ ಮರಿ ನಿನ್ನೇ’ ಕಾಂಬೋಧಿ ರಾಗದ ಕೃತಿ. ಇಳಯರಾಜ ಅದನ್ನು ಸಾರಮತಿಗೆ ತಂದರು. ಇದು ಸಣ್ಣ ಬದಲಾವಣೆ ಅಲ್ಲ. ಕಾಂಬೋಧಿಯ ಗಾಂಧಾರ ಅಂತರ ಗಾಂಧಾರ, ಧೈವತ ಚತುಶ್ರುತಿ. ಸಾರಮತಿಯಲ್ಲಿ ಎರಡೂ ಒಂದು ಮೆಟ್ಟಿಲು ಕೆಳಗೆ. ತುಂಬಿದ ಸಭೆಯಲ್ಲಿ ಎದೆ ಎತ್ತಿ ಹಾಡುವ ರಾಗ ಹೋಗಿ, ಒಳಗೊಳಗೇ ಕರಗುವ ರಾಗ ಬಂತು. ತ್ಯಾಗರಾಜರ ಕೃತಿಯ ರಾಗ ಬದಲಾಯಿಸುವುದಾ ಅಂತ ಸಂಪ್ರದಾಯಸ್ಥರು ಮುನಿಸಿಕೊಂಡರು. ಅವರ ಮುನಿಸು ನನಗೆ ಅರ್ಥವಾಗುತ್ತದೆ. ಕರ್ನಾಟಕ ಸಂಗೀತದಲ್ಲಿ ಮಾತು, ಧಾತು (ಅಂದರೆ ಸ್ವರ) ಎರಡೂ ಸೇರಿಯೇ ಕೃತಿ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆದರೆ ಅರ್ಧ ಮನೆ ಕೆಡವಿದ ಹಾಗೇ ಅಲ್ವಾ?

ಆದರೆ ಹಾಡು ಕೇಳಿ. ಆ ಹೆಣ್ಣುಮಗಳು ಜಾನಪದ ಧಾಟಿಯಿಂದ ಕೃತಿಗೆ ಬರುವ ಸೇತುವೆಯೇ ಸಾರಮತಿ. ಕಾಂಬೋಧಿಯಲ್ಲೇ ಇಟ್ಟಿದ್ದರೆ ಇದೇ ದಾರಿಯಲ್ಲಿ ಆ ದೃಶ್ಯ ದಡ ಸೇರುತ್ತಿರಲಿಲ್ಲ. ರಾಗ ಬದಲಾಯಿಸಿದ್ದು ಚಪಲಕ್ಕಲ್ಲ, ಕಥೆಯ ವಾದವನ್ನೇ ಸ್ವರದಲ್ಲಿ ಹೇಳಲಿಕ್ಕೆ. ಜೊತೆಗೆ ಕೃತಿ ತ್ಯಾಗರಾಜರದ್ದು ಅನ್ನುವುದನ್ನು ಚಿತ್ರ ಎಲ್ಲೂ ಬಚ್ಚಿಡುವುದಿಲ್ಲ. ಇನ್ನೊಂದು ಮೋಜು ಇದೆ. ಸಾರಮತಿ ಯಾವ ಮೇಳದ ಜನ್ಯ ರಾಗ ಗೊತ್ತಾ? ನಟಭೈರವಿ. ಸ್ವಲ್ಪ ಹೊತ್ತಿನ ಮುಂಚೆ ಮೊಜಾರ್ಟ್ ಓಡಾಡಿದ್ದು ಅದೇ ಸ್ವರಗಳ ಮೇಲೆ. ಮೊಜಾರ್ಟ್ ಹುಟ್ಟಿದ್ದು 1756, ತ್ಯಾಗರಾಜರು 1767. ಇಬ್ಬರೂ ಒಂದೇ ಕಾಲದವರು. ಇದರಿಂದ ಏನೂ ಸಾಬೀತಾಗುವುದಿಲ್ಲ, ಸುಮ್ನೆ ಹೇಳಿದೆ.

ಸಂಪ್ರದಾಯಸ್ಥರಿಗೆ ಇನ್ನೊಂದು ಮಾತು ನೆನಪಿಸಬೇಕು. ಕರ್ನಾಟಕ ಸಂಗೀತದ ತ್ರಿಮೂರ್ತಿಗಳಲ್ಲಿ ಒಬ್ಬರಾದ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡು ಕೇಳಿ, ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಬರೆದರು. ನೋಟು ಸ್ವರ ಅಂತ ಮಕ್ಕಳಿಗೆ ಕಲಿಸುತ್ತಾರಲ್ಲ, ಅದೇ. ಸುಮಾರು 40 ಇವೆ. ‘ಸಂತತಂ ಪಾಹಿ ಮಾಂ’ ಹಾಡಿ ನೋಡಿ. (ಹಾಡಿ ತೋರಿಸಿದೆ. ನಗು.) ಹೌದು, ಅದು ಇಂಗ್ಲೆಂಡಿನ ರಾಜನ ರಾಷ್ಟ್ರಗೀತೆ, ಸಂಗೀತ ಶ್ಯಾಮಲೆಯ ಸ್ತುತಿಯಾಗಿ ನಿಂತಿದೆ. ಮೈಸೂರು ಆಸ್ಥಾನದಲ್ಲಿದ್ದು, ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ರಚಿಸಿದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರೂ ಒಂದು ‘ಇಂಗ್ಲಿಷ್ ನೋಟು’ ಮಾಡಿದರು. ಮಧುರೈ ಮಣಿ ಅಯ್ಯರ್ ಅದನ್ನು ಕಚೇರಿಯ ಕೊನೆಯಲ್ಲಿ ಹಾಡಿ ಜನರನ್ನು ಕುಣಿಸುತ್ತಿದ್ದರು. ಸಿನಿಮಾದವರು ಮಾತ್ರ ಎರವಲು ತಂದವರು, ಶಾಸ್ತ್ರೀಯದವರು ಮಡಿಯಲ್ಲಿ ಕೂತವರು ಅನ್ನುವ ಚಿತ್ರ ನಿಜವಲ್ಲ.

ಹಾಗಾದರೆ ಶಾಸ್ತ್ರೀಯ ಸಂಗೀತಕ್ಕೂ ಸಿನಿಮಾಕ್ಕೂ ಏನು ವ್ಯತ್ಯಾಸ? ನನಗೆ ಕಾಣುವ ಮುಖ್ಯ ವ್ಯತ್ಯಾಸ ಅಂಕಿತ.

ನಮ್ಮ ಹಿರಿಯರು ಹೆಸರು ಹಾಕಲು ಟೈಟಲ್ ಕಾರ್ಡ್ ನಂಬಿಕೊಂಡಿರಲಿಲ್ಲ. ಹೆಸರನ್ನು ಹಾಡಿನ ಒಳಗೇ ನೇಯ್ದಿಟ್ಟರು. ಪುರಂದರ ವಿಠಲ, ಕಾಗಿನೆಲೆಯಾದಿಕೇಶವ, ತ್ಯಾಗರಾಜ, ಗುರುಗುಹ. ಹಿಂದೂಸ್ತಾನಿಯಲ್ಲೂ ಹಾಗೇ. ಸದಾರಂಗ್ ಅಂತ ಬಂದರೆ ಅದು ನಿಯಾಮತ್ ಖಾನ್ ಅವರದ್ದು, ಪ್ರೇಮ್ ಪಿಯಾ ಅಂತ ಬಂದರೆ ಫಯಾಜ್ ಖಾನ್ ಅವರದ್ದು. ಓದು ಬರಹ ಇಲ್ಲದ ಕಡೆ, ಬಾಯಿಂದ ಬಾಯಿಗೆ ಹೋಗುವ ಕಡೆ ಇದಕ್ಕಿಂತ ಗಟ್ಟಿ ವ್ಯವಸ್ಥೆ ಬೇಕಾ? ಹಾಡು ಬದುಕಿದ್ದರೆ ಹೆಸರೂ ಬದುಕಿರುತ್ತದೆ. ಹಾಡುವವನು ಬೇಡ ಅಂದರೂ ಬಿಡುವಂತಿಲ್ಲ.

ಆದರೆ ಅಂಕಿತ ಇರುವುದು ಎಲ್ಲಿ? ಚರಣದಲ್ಲಿ, ಹೆಚ್ಚಾಗಿ ಕೊನೆಯಲ್ಲಿ. ಸಿನಿಮಾಕ್ಕೆ ಬೇಕಾಗಿರುವುದು ಏನು? ಪಲ್ಲವಿ. ಸಿನಿಮಾ ಹಾಡಿಗೆ ಸಿಗುವುದು ನಾಲ್ಕು ನಿಮಿಷ. ಕಿವಿಗೆ ಥಟ್ಟನೆ ಅಂಟುವ ಮೊದಲ ಸಾಲು ಬೇಕು. ಅದನ್ನು ಮಾತ್ರ ಕತ್ತರಿಸಿ ತಂದರೆ ಅಂಕಿತ ಅಲ್ಲೇ ಉಳಿದುಬಿಡುತ್ತದೆ. ಮಾತನ್ನೂ ಬದಲಾಯಿಸಿ ಬರೀ ಧಾಟಿ ತಂದರಂತೂ ಕೇಳುವುದೇ ಬೇಡ. ಯಾರೂ ಕೂತು ಸಂಚು ಮಾಡಬೇಕಿಲ್ಲ, ಹೆಸರು ತಾನೇ ಉದುರಿಹೋಗುತ್ತದೆ. ಆಮೇಲೆ ಆ ಖಾಲಿ ಜಾಗದಲ್ಲಿ ‘ಸಾಂಪ್ರದಾಯಿಕ’ ಅಂತ ಬರುತ್ತದೆ. ನನಗೆ ಈ ಪದ ಕಂಡರೆ ಅನುಮಾನ. ಸಂಪ್ರದಾಯ ಕೂತು ಟ್ಯೂನ್ ಹಾಕುವುದಿಲ್ಲ. ಯಾರೋ ಒಬ್ಬರು ಹಾಕಿರುತ್ತಾರೆ.

‘ಶಂಕರಾಭರಣಂ’ನ ‘ಬ್ರೋಚೇವಾರೆವರುರಾ’ ನಿಮಗೆಲ್ಲ ಗೊತ್ತು. 1980ರಲ್ಲಿ ಬಂದ ತೆಲುಗು ಚಿತ್ರ, ಕೆ.ವಿ. ಮಹಾದೇವನ್ ಸಂಗೀತ, ಎಸ್‌ಪಿಬಿ ಮತ್ತು ವಾಣಿ ಜಯರಾಂ ಹಾಡಿದ್ದು. ಈ ಕೃತಿ ತ್ಯಾಗರಾಜರದ್ದು ಅಂತ ನನ್ನ ಹತ್ತಿರ ವಾದ ಮಾಡಿದವರಿದ್ದಾರೆ. ತೆಲುಗು, ಖಮಾಚ್, ರಾಮನ ಮೇಲಿನ ಹಾಡು, ಇನ್ಯಾರದ್ದು ಆಗಿರುತ್ತೆ ಅಂತ. ಅದು ಮೈಸೂರು ವಾಸುದೇವಾಚಾರ್ಯರದ್ದು. ಹುಟ್ಟಿದ್ದು 1865. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರು, ಮೈಸೂರು ಆಸ್ಥಾನ ವಿದ್ವಾಂಸರು. ಕೊನೆಗಾಲದಲ್ಲಿ ರುಕ್ಮಿಣೀದೇವಿ ಕರೆದರು ಅಂತ ಅವರ ಕಲಾಶಾಲೆ, ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣದ ನೃತ್ಯ ನಾಟಕಗಳಿಗೆ ಸಂಗೀತ ಕೊಟ್ಟರು. ತೀರಿಕೊಂಡದ್ದು 1961ರಲ್ಲಿ. ಅಂದರೆ ಸಲಿಲ್ ಚೌಧರಿಯ ಮೊಜಾರ್ಟ್ ಹಾಡು ಬಂದ ವರ್ಷವೇ.

ನಮ್ಮ ಕಾಯ್ದೆ ಪ್ರಕಾರ ಕೃತಿಕಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮೊದಲು 50 ಇತ್ತು, ಟಾಗೋರರ ಕೃತಿಗಳ ಅವಧಿ ಮುಗಿಯುತ್ತಾ ಬಂದಾಗ 60 ಮಾಡಿದರು. ಆ ಲೆಕ್ಕ ಹಿಡಿದರೆ ವಾಸುದೇವಾಚಾರ್ಯರ ಅವಧಿ ಮುಗಿದದ್ದು 2021ರ ಕೊನೆಗೆ. ಮೊನ್ನೆ ಮೊನ್ನೆ! ನಾವು ಯಾವುದೋ ಕಾಲದ ಕೃತಿ ಅಂತ ಕೈ ಮುಗಿದು ಕೇಳುತ್ತಿದ್ದದ್ದು ನಮ್ಮ ತಾತಂದಿರ ಕಾಲದಲ್ಲಿ ಅಗ್ರಹಾರದ ಬೀದಿಯಲ್ಲಿ ಓಡಾಡಿಕೊಂಡಿದ್ದವರ ರಚನೆ. ಅವರ ಅಂಕಿತ ‘ವಾಸುದೇವ’. ಅದೂ ದೇವರ ಹೆಸರೇ ಆದ್ದರಿಂದ, ಚರಣ ಕೇಳಿದರೂ ಗೊತ್ತಿಲ್ಲದವರಿಗೆ ಅದು ಅಂಕಿತ ಅಂತ ಹೊಳೆಯುವುದಿಲ್ಲ.

ಹಾಲಿವುಡ್ ಕಡೆ ಒಂದು ಸುತ್ತು ಹಾಕಿ ಬರೋಣ. ಅಲ್ಲಿಯೂ ಕಥೆ ಬೇರೆ ಅಲ್ಲ, ಕಾರಣ ಬೇರೆ. 1955ರ ಆಸ್ಕರ್ ಸಮಾರಂಭದಲ್ಲಿ ಡಿಮಿಟ್ರಿ ಟಿಯೋಮ್‌ಕಿನ್ ಅನ್ನುವ ಸಂಗೀತ ನಿರ್ದೇಶಕ ಪ್ರಶಸ್ತಿ ತೆಗೆದುಕೊಂಡು, ಬ್ರಾಮ್ಸ್, ಸ್ಟ್ರಾಸ್, ವಾಗ್ನರ್, ಬೆಥೋವನ್ ಇವರಿಗೆಲ್ಲ ಧನ್ಯವಾದ ಹೇಳಿದ. ಸಭೆ ಬಿದ್ದು ಬಿದ್ದು ನಕ್ಕಿತು. ಅವನು ಅಷ್ಟು ಸಲೀಸಾಗಿ ಹೇಳಿದ್ದನ್ನು ಉಳಿದವರು ನಗೆಯಲ್ಲಿ ತೇಲಿಸಿಬಿಟ್ಟರು ಅಂತ ನನಗೆ ಅನಿಸುತ್ತದೆ.

ಅಲ್ಲಿನ ಮುಖ್ಯ ಕಾರಣ ಟೆಂಪ್ ಟ್ರ್ಯಾಕ್. ಎಡಿಟಿಂಗ್ ಆಗುವಾಗ ಚಿತ್ರಕ್ಕೆ ಇನ್ನೂ ಸಂಗೀತ ಇರುವುದಿಲ್ಲ. ಸದ್ಯಕ್ಕೆ ಇರಲಿ ಅಂತ ಯಾವುದೋ ಹಳೆಯ ಸಿಂಫನಿ ಹಾಕಿಕೊಂಡು ಕತ್ತರಿಸುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿ ಕೇಳಿ ನಿರ್ದೇಶಕರಿಗೆ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಆಮೇಲೆ ಬಂದ ಸಂಗೀತ ನಿರ್ದೇಶಕನಿಗೆ ‘ಇದೇ ಥರ, ಆದರೆ ಇದಲ್ಲ’ ಅನ್ನುತ್ತಾರೆ. ನಮ್ಮ ಗಾಂಧಿನಗರದಲ್ಲಿ ಇದಕ್ಕೆ ‘ರೆಫರೆನ್ಸ್’ ಅಂತಾರೆ. ‘ಸಾರ್, ಒಂದು ರೆಫರೆನ್ಸ್ ಇದೆ, ಹತ್ತಿರ ಹತ್ತಿರ ಬರಲಿ.’ ಎಷ್ಟು ಹತ್ತಿರ ಅಂತ ಯಾರೂ ಹೇಳುವುದಿಲ್ಲ.

‘ಸ್ಟಾರ್ ವಾರ್ಸ್’ ಸಂಗೀತ ಹಾಗೆ ಹುಟ್ಟಿದ್ದೇ. 1977. ಹೋಲ್ಸ್ಟ್ ಅನ್ನುವ ಇಂಗ್ಲಿಷ್ ಸಂಗೀತ ರಚನಕಾರನ ‘ದಿ ಪ್ಲಾನೆಟ್ಸ್’ನಲ್ಲಿ ‘ಮಾರ್ಸ್’ ಅಂತ ಮೊದಲ ಭಾಗ ಇದೆ, ಅಂಗಾರಕ. ಇಡೀ ಭಾಗ ಹೆಚ್ಚೂ ಕಡಿಮೆ ಐದರ ನಡೆಯಲ್ಲಿ ಓಡುತ್ತದೆ, ನಮ್ಮ ಖಂಡದ ಲೆಕ್ಕ. ಅದರ ಕೊನೆಯಲ್ಲಿ ಇಡೀ ಆರ್ಕೆಸ್ಟ್ರಾ ಒಟ್ಟಿಗೆ ಗುದ್ದುವ ಜಾಗ ಇದೆ. ‘ಸ್ಟಾರ್ ವಾರ್ಸ್’ನ ಶುರುವಿನ ಅಕ್ಷರಗಳು ಮೇಲೆ ಹೋಗಿ ಮುಗಿದ ಮೇಲೆ ಬರುವ ಗುದ್ದು ಕೇಳಿ, ನೆಂಟಸ್ತಿಕೆ ತಾನೇ ಗೊತ್ತಾಗುತ್ತದೆ. ಆದರೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್‌ಗೆ ಮುಂದಿನ ಸಾಲು ಇತ್ತು. ಒಂದೊಂದು ಪಾತ್ರಕ್ಕೂ ಒಂದೊಂದು ಧಾಟಿ ಕಟ್ಟಿ, ಅವನ್ನು ಒಂದರೊಳಗೊಂದು ಹೆಣೆದು ಚಿತ್ರದಿಂದ ಚಿತ್ರಕ್ಕೆ ಬೆಳೆಸಿದ. ‘ಗ್ಲ್ಯಾಡಿಯೇಟರ್’ ಚಿತ್ರದ ಸಂಗೀತದಲ್ಲಿ ಬಂದ ಇದೇ ‘ಮಾರ್ಸ್’ ವಿಷಯಕ್ಕೆ ಹೋಲ್ಸ್ಟ್ ಪ್ರತಿಷ್ಠಾನದವರು 2006ರಲ್ಲಿ ಹಾನ್ಸ್ ಝಿಮ್ಮರ್ ಮೇಲೆ ಕೇಸು ಹಾಕಿದರು.

ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ‘ಗಾಡ್‌ಫಾದರ್’ನ ನೀನೋ ರೋಟಾಗೆ ಸಿಕ್ಕಿದ್ದ ಆಸ್ಕರ್ ನಾಮನಿರ್ದೇಶನ ವಾಪಸ್ ಹೋಯಿತು. ಕಾರಣ, ಧಾಟಿಯನ್ನು 1958ರ ‘ಫಾರ್ಚುನೆಲ್ಲಾ’ ಅನ್ನುವ ಚಿತ್ರದಿಂದ ತಂದಿದ್ದಾನೆ ಅಂತ. ಆ ಚಿತ್ರದ ಸಂಗೀತ ಯಾರದ್ದು? ಅವನದ್ದೇ! ತನ್ನ ಜೇಬಿನಿಂದ ತಾನೇ ತೆಗೆದುಕೊಂಡದ್ದಕ್ಕೆ ದಂಡ. ಎರಡು ವರ್ಷ ಬಿಟ್ಟು ಬಂದ ಎರಡನೇ ಭಾಗದಲ್ಲೂ ಅದೇ ಧಾಟಿ ಇತ್ತು, ಅದಕ್ಕೆ ಆಸ್ಕರ್ ಕೊಟ್ಟರು. ಸ್ವಂತಿಕೆಗೆ ನಿಯಮ ಬರೆಯಲು ಹೊರಟರೆ ಹೀಗೇ ಆಗುವುದು.

ಈಗ ನೀವು ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ. ‘ಪೊನ್ನಿಯಿನ್ ಸೆಲ್ವನ್ 2’, 2023, ಎ.ಆರ್. ರಹಮಾನ್. ‘ವೀರ ರಾಜ ವೀರ’ ಹಾಡು. ಹಿಂದೂಸ್ತಾನಿಯ ಹಳೆಯ ಗಾಯನ ಪದ್ಧತಿಯಾದ ಧ್ರುಪದ್‌ನ ಗಾಯಕ ಫಯಾಜ್ ವಾಸಿಫುದ್ದೀನ್ ಡಾಗರ್ ದೆಹಲಿ ಹೈಕೋರ್ಟಿಗೆ ಹೋದರು. ಅವರ ವಾದ ಇದು: ಆ ಹಾಡು ‘ಶಿವ ಸ್ತುತಿ’ ಅನ್ನುವ ರಚನೆಯದ್ದು. ರಾಗ ಅಡಾಣ. ರಚಿಸಿದವರು ನನ್ನ ತಂದೆ ನಾಸಿರ್ ಫಯಾಜುದ್ದೀನ್ ಡಾಗರ್ ಮತ್ತು ದೊಡ್ಡಪ್ಪ ನಾಸಿರ್ ಜಹೀರುದ್ದೀನ್ ಡಾಗರ್. ಜೂನಿಯರ್ ಡಾಗರ್ ಸಹೋದರರು ಅಂತ ಹೆಸರಾದವರು, 1978ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದನ್ನು ಹಾಡಿದ್ದರು. ರಹಮಾನ್ ಕಡೆಯವರು ಹೇಳಿದ್ದು: ಶಿವ ಸ್ತುತಿ ಧ್ರುಪದ್ ಪರಂಪರೆಯ ಹಳೆಯ ರಚನೆ, ಯಾರ ಸ್ವತ್ತೂ ಅಲ್ಲ. ನಮ್ಮ ಹಾಡು ಪಾಶ್ಚಾತ್ಯ ಕ್ರಮದಲ್ಲಿ, 227 ಪದರಗಳಲ್ಲಿ ಕಟ್ಟಿದ ಸ್ವಂತ ಕೃತಿ.

2025ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಮಧ್ಯಂತರ ಆದೇಶ ಕೊಟ್ಟರು. ಸಾಮಾನ್ಯ ಕೇಳುಗನ ಕಿವಿಯಿಂದ ಕೇಳಿದರೂ ಇದು ಬರೀ ಸ್ಫೂರ್ತಿಯಲ್ಲ, ಮಾತು ಬದಲಾಯಿಸಿದ ಅದೇ ರಚನೆ ಎಂದರು. ಡಾಗರ್ ಸಹೋದರರ ಹೆಸರು ಹಾಕಿ, 2 ಕೋಟಿ ರೂಪಾಯಿ ಕೋರ್ಟಿನಲ್ಲಿ ಠೇವಣಿ ಇಡಿ ಅಂದರು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ರದ್ದು ಮಾಡಿತು. ಕಾರಣ ಸರಳ. ಡಾಗರ್ ಸಹೋದರರು ಹಾಡಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಇದೆ, ಅವರೇ ರಚಿಸಿದ್ದಾರೆ ಅನ್ನುವುದು ಅದರಿಂದ ತೀರ್ಮಾನವಾಗುವುದಿಲ್ಲ. ಹಾಡುವುದು ಬೇರೆ, ಕಟ್ಟುವುದು ಬೇರೆ. ನಕಲು ಹೌದೋ ಅಲ್ಲವೋ ಅನ್ನುವ ಪ್ರಶ್ನೆಗೆ ಪೀಠ ಕೈ ಹಾಕಲಿಲ್ಲ.

ಗಮನಿಸಿ, ಇಲ್ಲಿ ಯಾರೂ ರಾಗದ ಬಗ್ಗೆ ಜಗಳ ಆಡಲಿಲ್ಲ. ಅಡಾಣ ಎಲ್ಲರದ್ದು ಅಂತ ಎಲ್ಲರೂ ಒಪ್ಪಿದರು. ಜಗಳ ಬಂದದ್ದು ತೋಟದ ಬೇಲಿ ಎಲ್ಲಿದೆ, ಪಟ್ಟೆ ಯಾರ ಹೆಸರಿನಲ್ಲಿದೆ ಅಂತ. ಪಟ್ಟೆ ಎಲ್ಲಿಂದ ತರುವುದು? 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ಕೃತಿ ಅಂದರೆ ಬರೆದದ್ದು ಅಥವಾ ಅಚ್ಚಾದದ್ದು ಅಂತಲೇ ಇತ್ತು. ಕಾಗದದ ಮೇಲೆ ಸ್ವರ ಇಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅದು ಕೃತಿಯೇ ಅಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುವ ಸಂಗೀತವೇ ಇರುವ ದೇಶದಲ್ಲಿ ಇಂಥ ಕಾಯ್ದೆ! 1994ರ ತಿದ್ದುಪಡಿಯಲ್ಲಿ ಮಾತ್ರ ಆ ಷರತ್ತು ಹೋಯಿತು. ಅಷ್ಟರೊಳಗೆ ಎಷ್ಟು ಬಂದಿಶ್‌ಗಳು ಅನಾಥವಾದವೋ.

ನನ್ನ ಅಭಿಪ್ರಾಯ ಕೇಳಿದರೆ, ವಿಭಾಗೀಯ ಪೀಠದ ತರ್ಕ ನನಗೆ ಒಪ್ಪಿಗೆ. ಹಾಡಿದವರನ್ನೆಲ್ಲ ರಚನಕಾರರು ಅಂತ ಮಾಡಿದರೆ ನಾಳೆ ಪ್ರತಿ ಘರಾನೆಯೂ ಬೇಲಿ ಹಾಕಿಕೊಂಡು ಕೂರುತ್ತದೆ. ರಹಮಾನ್ ಹಾಡಿಗೆ ಮುಂದಿನ ಸಾಲು ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಚಿತ್ರಾ, ಶಂಕರ್ ಮಹದೇವನ್, ಹರಿಣಿ ಹಾಡಿದ ಆ ಹಾಡು ಧ್ರುಪದ್ ಕಚೇರಿಯಲ್ಲಿ ನಿಂತಿಲ್ಲ, ಚೋಳರ ಯುದ್ಧಕ್ಕೆ ಹೊರಟಿದೆ. ಆದರೆ ಚಿತ್ರ ಬಂದಾಗ ಹಾಕಿದ್ದು ಡಾಗರವಾಣಿ (ಡಾಗರ್ ಮನೆತನದ ಶೈಲಿ) ಪರಂಪರೆಯ ಧ್ರುಪದ್ ಆಧಾರಿತ ಅನ್ನುವ ಅರ್ಥದ ಒಂದು ಸಾಲು. ಪರಂಪರೆಯ ಹೆಸರು ಇತ್ತು, ಮನುಷ್ಯರ ಹೆಸರು ಇರಲಿಲ್ಲ. ‘ಇದನ್ನು ನಾವು ಜೂನಿಯರ್ ಡಾಗರ್ ಸಹೋದರರ ಹಾಡಿಕೆಯಿಂದ ಕಲಿತೆವು’ ಅಂತ ಹಾಕುವುದಕ್ಕೆ, ರಚಿಸಿದವರು ಯಾರು ಅಂತ ಕೋರ್ಟು ತೀರ್ಮಾನಿಸುವವರೆಗೆ ಕಾಯಬೇಕಿರಲಿಲ್ಲ. ಕೇಳಿದ್ದು ಯಾರಿಂದ ಅನ್ನುವುದು ಕೇಳಿದವರಿಗೆ ಗೊತ್ತಿರುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹೊಸದಾಗಿ ಸಂಗೀತ ನಿರ್ದೇಶನ ಶುರು ಮಾಡಿರುವ ಒಬ್ಬ ಹುಡುಗ, ‘ಡೈರೆಕ್ಟರ್ ರೆಫರೆನ್ಸ್ ಕೊಟ್ಟು ಇದೇ ಬೇಕು ಅಂದರೆ ನಾವೇನು ಮಾಡೋದು ಸಾರ್? ಇಲ್ಲ ಅಂದರೆ ಕೆಲಸ ಹೋಗತ್ತೆ’ ಅಂತ ಕೇಳಿದ. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು: ಅವರಿಗೆ ಅದರಲ್ಲಿ ಇಷ್ಟವಾದದ್ದು ಏನು ಅಂತ ಕೆದಕಿ. ಹೆಚ್ಚಿನ ಸಲ ಅದು ಧಾಟಿಯೇ ಆಗಿರುವುದಿಲ್ಲ. ಲಯ ಇಷ್ಟವಾಗಿರುತ್ತದೆ, ಅಥವಾ ಒಂದು ವಾದ್ಯದ ದನಿ, ಅಥವಾ ಹಾಡು ಶುರುವಾಗುವ ಮುಂಚಿನ ಮೌನ. ಅದನ್ನು ಕೊಡಿ, ಧಾಟಿ ನಿಮ್ಮದು ಹಾಕಿ. ಧಾಟಿಯೇ ಬೇಕು ಅಂದರೆ ಮೂಲದ ಹೆಸರು ಹಾಕಿಸಿ. ಅದಕ್ಕೂ ಒಪ್ಪದಿದ್ದರೆ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಉತ್ತರ ನನ್ನ ಹತ್ತಿರ ಇಲ್ಲ.

ಇನ್ನೊಬ್ಬರು ಹಿರಿಯರು ಕೇಳಿದ್ದು ದಾಸರ ಪದಗಳ ಬಗ್ಗೆ. ‘ಭೀಮಸೇನ ಜೋಶಿ ಹಾಡಿದ “ಭಾಗ್ಯದ ಲಕ್ಷ್ಮೀ ಬಾರಮ್ಮ” 1983ರಲ್ಲಿ ಶಂಕರ್‌ನಾಗ್ ಸಿನಿಮಾದಲ್ಲಿ ಬಂತು. ಅಲ್ಲಿ ಅಂಕಿತ ಇದೆಯಲ್ಲ, ಪುರಂದರ ವಿಠಲ ಅಂತ. ನಿಮ್ಮ ಲೆಕ್ಕದಲ್ಲಿ ತಕರಾರು ಇಲ್ಲ ತಾನೇ?’ ಅಂತ.

ಮಾತಿನ ಮಟ್ಟಿಗೆ ತಕರಾರು ಇಲ್ಲ ಅಂದೆ. ಆದರೆ ಆ ಅಂಕಿತ ಕಾಯುವುದು ಸಾಹಿತ್ಯವನ್ನು ಮಾತ್ರ. ದಾಸರು ಹಾಡಿದ ಮೂಲ ಧಾಟಿ ಸ್ವರಲಿಪಿಯಲ್ಲಿ ನಮಗೆ ಬಂದಿಲ್ಲ. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುವುದು ಅದಕ್ಕೇ. ನಾವು ಇವತ್ತು ‘ದಾಸರ ಧಾಟಿ’ ಅಂತ ಗುನುಗುವ ಎಷ್ಟೋ ಧಾಟಿಗಳು ಕಳೆದ ನೂರು ವರ್ಷದವು. ‘ಜಗದೋದ್ಧಾರನ’ ಅಂದರೆ ನಿಮಗೆ ಕಾಪಿ ರಾಗವೇ ನೆನಪಾಗುತ್ತದೆ ಅಲ್ವಾ? (ಕಾಪಿ ಅಂದ ತಕ್ಷಣ ನಕ್ಕರು, ನಗಲಿ.) ಅದನ್ನು ಮನೆಮನೆಗೆ ಮುಟ್ಟಿಸಿದ್ದು ಬಿ.ಎಸ್. ರಾಜಯ್ಯಂಗಾರ್ ಅವರ ಗ್ರಾಮಾಫೋನ್ ತಟ್ಟೆ. ನಾಳೆ ಯಾರಾದರೂ ಆ ಧಾಟಿಯನ್ನು ಸಿನಿಮಾಕ್ಕೆ ತಂದರೆ ‘ಸಾಹಿತ್ಯ: ಪುರಂದರದಾಸರು’ ಅಂತ ಹಾಕುತ್ತಾರೆ, ಅದರ ಕೆಳಗೆ ‘ಸಂಗೀತ’ ಅಂತ ತಮ್ಮ ಹೆಸರು ಹಾಕಿಕೊಳ್ಳುತ್ತಾರೆ. ದಾಸರಿಗೂ ಇವರಿಗೂ ನಡುವೆ ಹಾಡಿದವರು, ಕಲಿಸಿದವರು, ತಟ್ಟೆ ಕೊಟ್ಟವರು ಯಾರೂ ಇರಲೇ ಇಲ್ಲ ಅನ್ನುವ ಹಾಗೆ. ಕ್ಯಾಟರಿಂಗ್‌ನವರ, ಲೈಟ್ ಹುಡುಗರ ಹೆಸರಿಗೂ ಈಗ ಟೈಟಲ್‌ನಲ್ಲಿ ಜಾಗ ಇದೆ, ಇರಲೇಬೇಕು. ಆ ಉದ್ದದ ಪಟ್ಟಿಯಲ್ಲಿ ರಾಜಯ್ಯಂಗಾರ್ ಅಂತ ಒಂದು ಸಾಲು ಹಾಕುವುದು ಕಷ್ಟವೇನಲ್ಲ.

ಆ ಹಿರಿಯರು ‘ಆ ತಟ್ಟೆ ನಮ್ಮ ಮನೆಯಲ್ಲಿತ್ತು’ ಅಂದರು. ಹಾಗಾದರೆ ಅದರ ಮೇಲಿನ ಚೀಟಿಯಲ್ಲಿ ಯಾರ ಯಾರ ಹೆಸರು ಇತ್ತು ಅಂತ ನಾನು ಅವರನ್ನೇ ಕೇಳಿದೆ.